ಎಲ್ಲ ಫೈಟರ್‌ಗಳನ್ನೂ ಉಳಿಸಿಕೊಳ್ಳಬೇಕಾ?

ನಿಂಟೆಂಡೊದ ಫೈಟಿಂಗ್ ಗೇಮ್ ಸರಣಿ ಸ್ಮ್ಯಾಶ್ ಬ್ರದರ್ಸ್‌ನ 2018ರ ಆಟ ಅಲ್ಟಿಮೇಟ್‌ನಲ್ಲಿರುವ 89 ಫೈಟರ್‌ಗಳೂ (ಆಡಬಹುದಾದ ಪಾತ್ರಗಳು) ಮುಂದಿನ ಆಟದಲ್ಲಿ ಇರಬೇಕಾ, ಕಡಿಮೆ ಮಾಡಿದರೂ ನಡೆಯುತ್ತಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಧಾರಾಳವಾಗಿ ಕಡಿಮೆ ಮಾಡಲಿ.

ಒಬ್ಬ ಹೊಸಬ ಬಂದರೆ ಎಷ್ಟು ಕೆಲಸ ಅಂತ ಸ್ಟೀವ್‌ನನ್ನೇ ನೋಡಿ. 2020ರಲ್ಲಿ ಮೈನ್‌ಕ್ರಾಫ್ಟ್ ಗೇಮ್‌ನಿಂದ ಅಲ್ಟಿಮೇಟ್‌ಗೆ ಬಂದವನು. ನಿಂತ ನೆಲವನ್ನೇ ಅಗೆದು ಮರ, ಕಲ್ಲು, ಕಬ್ಬಿಣ ತೆಗೆಯುತ್ತಾನೆ, ಗಾಳಿಯಲ್ಲೇ ಬ್ಲಾಕ್ ಇಡುತ್ತಾನೆ. ಅವನೊಬ್ಬನಿಗೋಸ್ಕರ ಎಲ್ಲ ಸ್ಟೇಜ್‌ಗಳನ್ನೂ (ಕಾದಾಡುವ ಅಖಾಡಗಳು) ಮತ್ತೆ ತಿದ್ದಬೇಕಾಯಿತು. ಇನ್ನು 89 ಜನರನ್ನು ಹೊಸ ಆಟಕ್ಕೆ ತಂದರೆ ಬೇರೆ ಯಾವುದಕ್ಕೆ ಸಮಯ ಉಳಿಯುತ್ತದೆ?

ಬಿಟ್ಟವರು ಮತ್ತೆ ಬರೋದೇ ಇಲ್ಲ ಅಂತೇನಿಲ್ಲ. ಐಸ್ ಕ್ಲೈಂಬರ್ಸ್ ಜೋಡಿ 2014ರ ಸ್ಮ್ಯಾಶ್‌ನಲ್ಲಿ ಇರಲಿಲ್ಲ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್‌ಗೆ ಅದು ಭಾರವಾಗಿತ್ತು. 2018ರಲ್ಲಿ ವಾಪಸ್ ಬಂತು. ಮೆಟಲ್ ಗೇರ್ ಗೇಮ್‌ನ ಸ್ನೇಕ್ ಕೂಡ ಹಾಗೇ ಬಿಟ್ಟುಹೋಗಿ ವಾಪಸ್ ಬಂದ. ಆದರೆ ಯಾರನ್ನು ಬಿಡುತ್ತಾರೆ ಅನ್ನೋದು ಮುಖ್ಯ. ಇನ್ನೊಂದು ಫೈಟಿಂಗ್ ಗೇಮ್, 2017ರ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಇನ್ಫಿನಿಟ್‌ನಲ್ಲಿ ಆ ಸರಣಿಯ ಹಳೇ ಪಾತ್ರಗಳಾದ ವುಲ್ವರಿನ್, ಮ್ಯಾಗ್ನೀಟೋ ಯಾರೂ ಇಲ್ಲದೆ ಹಳೇ ಅಭಿಮಾನಿಗಳು ತುಂಬಾ ಬೇಜಾರಾದರು.

ನೀವು ಗೋಣಿಕೊಪ್ಪದವರು ಅಂದಿರಿ, ನಾನು ಮಡಿಕೇರಿ. ಜುಲೈ ಮಳೆಗೆ ಇಲ್ಲಿ ಕರೆಂಟ್, ನೆಟ್ ಎರಡೂ ಕೈಕೊಡುತ್ತವೆ, ಗೊತ್ತಲ್ವಾ. ಆಗ ಗತಿ ಅಂದರೆ ಅಲ್ಟಿಮೇಟ್ ಆಡುವ ನಿಂಟೆಂಡೊ ಸ್ವಿಚ್ ಸಾಧನದ ಬ್ಯಾಟರಿ ಮತ್ತು ಒಬ್ಬರೇ ಆಡುವ ಭಾಗ. 2008ರ ಸ್ಮ್ಯಾಶ್ ಆಟ ಬ್ರಾಲ್‌ನ ಕತೆಯ ಭಾಗವಾದ ಸಬ್‌ಸ್ಪೇಸ್ ಎಮಿಸರಿಯಲ್ಲಿ ಪಾತ್ರಗಳು ಎದುರುಬದುರಾಗುವ ದೃಶ್ಯಗಳಿದ್ದವು. ಹೆಚ್ಚು ಮಾತಿಲ್ಲದೆಯೇ ಕತೆ ಅರ್ಥವಾಗುತ್ತಿತ್ತು. ಅಲ್ಟಿಮೇಟ್‌ನ ಕತೆಯ ಭಾಗ ವರ್ಲ್ಡ್ ಆಫ್ ಲೈಟ್‌ನಲ್ಲಿ ಅಂಥ ದೃಶ್ಯಗಳು ಬೆರಳೆಣಿಕೆಯಷ್ಟು, ಮಿಕ್ಕಿದ್ದೆಲ್ಲ ಮ್ಯಾಪ್ ಮೇಲೆ ಒಂದರ ಹಿಂದೆ ಒಂದು ಫೈಟ್. 60 ಜನ ಇದ್ದರೂ ಸಾಕು, ಅಂಥ ಕತೆ ಮತ್ತೆ ಕೊಡಲಿ. ಬಿಡಲೇಬಾರದು ಅಂತ ನಿಮಗೆ ಅನ್ನಿಸುವವರು ಯಾರು?