ಸೋತು ಬೀಳೋ ಪೈಲ್ವಾನನಿಗೆ ನಾಲ್ಕು ಪುಟ ಯಾಕೆ?

ಮಂಡ್ಯದಿಂದ ನಿವೃತ್ತ ಮೇಷ್ಟ್ರೊಬ್ರು ಬರ್ದಿದಾರೆ: "ಟಿವಿ ಕುಸ್ತಿ ಆಡಿ ಬಂದು ಈಗ ಮೈಸೂರಲ್ಲಿ ಹುಡುಗ್ರಿಗೆ ಕಲಿಸ್ತಿರೋ ಪೈಲ್ವಾನನ ಬಗ್ಗೆ ನಾಲ್ಕು ಪುಟ ಹಾಕಿದೀರಿ. ಗೆಲ್ಲೋದ್ಯಾರು ಅಂತ ಮೊದ್ಲೇ ಗೊತ್ತಿರೋ ನಾಟಕ ಅದು. ಆ ಜಾಗ ದಸರಾ ಕುಸ್ತಿಯವ್ರಿಗೆ ಕೊಡಬೇಕಿತ್ತು."

ಮೇಷ್ಟ್ರೇ, ಗೆಲುವು ಮೊದ್ಲೇ ತೀರ್ಮಾನ ಆಗಿರುತ್ತೆ, ಒಪ್ಪಿದೆ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿಲಿ, ಟಿವಿ ಕುಸ್ತಿಯ ದೊಡ್ಡ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನವರೇ ಇದು ಮನರಂಜನೆ ಅಂತ ಹೇಳ್ಕೊಂಡ್ರು, ಕ್ರೀಡೆ ಅಂದ್ರೆ ಲೈಸೆನ್ಸು ಟ್ಯಾಕ್ಸು ಅಂತ ಕಟ್ಟಬೇಕಿತ್ತಲ್ಲ, ಅದಕ್ಕೆ.

ಆದ್ರೆ ಗೆಲುವು ಗೊತ್ತಿದ್ರೆ ನೆಲ ಮೆತ್ತಗಾಗುತ್ತಾ ಸ್ವಾಮಿ? ಗರಡಿ ಮಣ್ಣನ್ನಾದ್ರೂ ಅಗೆದು, ಎಣ್ಣೆ ಅರಿಶಿನ ಹಾಕಿ ಹದ ಮಾಡಿರ್ತಾರೆ. ರಿಂಗು ಅಂದ್ರೆ ಕಬ್ಬಿಣದ ಚೌಕಟ್ಟು, ಹಲಗೆ, ಮೇಲೊಂದು ತೆಳು ಫೋಮು, ಕ್ಯಾನ್ವಾಸು. ನಾವು ಬರೆದ ಈ ಪೈಲ್ವಾನ್ರು ಶುರು ಮಾಡಿದ್ದೂ ನಿಮ್ಮ ಮಟ್ಟಿ (ಮಣ್ಣಿನ) ಕುಸ್ತೀಲೇ, ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ಜೋಡಿ ಕಟ್ಟಿಸ್ಕೊಂಡು ಆಡಿದವ್ರು, ಆಮೇಲೆ ಉತ್ತರದ ಕಡೆ ಹೋಗಿ ರಿಂಗ್ ಹತ್ತಿದ್ರು, ಅಲ್ಲಿ ಸಿಕ್ಕಿದ್ದು ಬರೀ ಸೋತು ಬೀಳೋ ಪಾತ್ರ. ಹೆಸರು ಮಾಡಿದವನು ಎತ್ತಿ ಒಗೀಬೇಕು, ಇವ್ರು ಬೀಳಬೇಕು, ಇವ್ರು ಚೆನ್ನಾಗಿ ಬಿದ್ರೇ ಅವನು ಭೀಮ! ಮಂಡಿ ಹೋಗೋವರ್ಗೂ ಅದೇ ಕೆಲಸ. ಈಗ ಹುಡುಗ್ರಿಗೆ ಮೊದಲು ಕಲಿಸೋದೂ ಅದನ್ನೇ. ಗದ್ದ ಎದೆಗೊತ್ತು, ನಾಲಿಗೆ ಹಲ್ಲಿನ ಮಧ್ಯೆ ಇಡಬೇಡ, ಉಸಿರು ಬಿಡು, ಬೆನ್ನು ತಾಗೋ ಹೊತ್ತಿಗೆ ಎರಡೂ ಅಂಗೈ ಚಪ್ಪಟೆಯಾಗಿ ನೆಲಕ್ಕೆ ಬಡಿ. ತಲೆ ಮೊದಲು ತಾಗಿದ್ರೆ ಕತ್ತು ಹೋಯ್ತು. ಇದರಲ್ಲಿ ನಾಟಕ ಎಲ್ಲಿದೆ ಹೇಳಿ ನೋಡೋಣ.

ಇನ್ನೊಂದು. ವಿಜಯದಶಮಿ ದಿನ ಮೈಸೂರು ಅರಮನೇಲಿ ವಜ್ರಮುಷ್ಟಿ ಕಾಳಗ ನಡೆಯುತ್ತೆ, ಜೆಟ್ಟಿಗಳು ತಲೆ ಬೋಳಿಸ್ಕೊಂಡು, ಬೆರಳಿಗೆ ಮೊನಚು ಮುಷ್ಟಿ ಆಯುಧ ತೊಟ್ಟು ಇಳೀತಾರೆ, ಒಂದು ಹನಿ ರಕ್ತ ಬಂತೋ, ಅಲ್ಲಿಗೆ ಮುಗೀತು. ಗೆದ್ದೋನ್ಯಾರು ಅಂತ ಯಾರೂ ತಲೆ ಕೆಡಿಸ್ಕೊಳಲ್ಲ. ಅದನ್ನ ನಾಟಕ ಅಂತೀರಾ? ಕೈ ಮುಗೀತೀರಿ.

ನಂಗೆ ಸಿಟ್ಟು ಬರೋದು ಬೇರೆ ವಿಷ್ಯಕ್ಕೆ. ಗೆದ್ದೋನು ಗದೆ ಹೊತ್ಕೊಂಡು ನಿಂತ ಫೋಟೋ ಎಲ್ಲ ಪೇಪರಲ್ಲೂ ಬರುತ್ತೆ, ಅವನಿಗೆ ಕಲಿಸಿದ ಉಸ್ತಾದ್ ಯಾರು ಅಂತ ಒಬ್ನೂ ಕೇಳಲ್ಲ. 1952ರಲ್ಲಿ ಪೈಲ್ವಾನ್ ಕೆ.ಡಿ. ಜಾಧವ್ ಹೆಲ್ಸಿಂಕಿಲಿ ಕಂಚು ತಂದ್ರು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರನ್ನ ಕಳಿಸೋಕೆ ಕೊಲ್ಹಾಪುರದ ಕಾಲೇಜು ಪ್ರಿನ್ಸಿಪಾಲರು ಮನೆ ಅಡ ಇಟ್ಟಿದ್ರು. ನಿಮ್ಮ ಜಾತಿಯವ್ರೇ ಮೇಷ್ಟ್ರೇ, ಪಾಠ ಹೇಳೋ ಜಾತಿ. ಅಂಥವ್ರ ಹೆಸರು ಎಷ್ಟು ಜನಕ್ಕೆ ಗೊತ್ತು? ಇವತ್ತು ಸ್ಕೂಲಲ್ಲಿ ಪಿಟಿ ಪೀರಿಯಡ್ ಬಂದ್ರೆ ಮ್ಯಾಥ್ಸ್ ಟೀಚರ್ ಬಂದು ನಿಂತಿರ್ತಾರೆ, ಅಪ್ಪ ಅಮ್ಮ ಅದಕ್ಕೆ ಥ್ಯಾಂಕ್ಸ್ ಬೇರೆ ಹೇಳ್ತಾರೆ, ಆಮೇಲೆ ಹುಡುಗ ಮೆಟ್ಟಿಲು ಹತ್ತೋಕೂ ಏದುಸಿರು ಬಿಡ್ತಾನೆ ಅಂತ ಡಾಕ್ಟರ್ ಹತ್ರ ಓಡ್ತಾರೆ. (ನೀವೂ ಎಷ್ಟು ಪಿಟಿ ಪೀರಿಯಡ್ ಕಿತ್ಕೊಂಡಿದೀರೋ, ಕೇಳಲ್ಲ ಬಿಡಿ.)

ದಸರಾ ಕುಸ್ತಿ ಬಗ್ಗೆ ಖಂಡಿತ ಬರೀತೀವಿ. ಆದ್ರೆ ಗೆದ್ದೋರ ಪಟ್ಟಿ ಬೇಡ, ನಿಮ್ಮ ಮಂಡ್ಯ ಕಡೆ ಗರಡೀಲಿ ಇನ್ನೂ ಬೆಳಿಗ್ಗೆ ಹುಡುಗ್ರನ್ನ ಎಬ್ಬಿಸಿ ಬಸ್ಕಿ ಹೊಡೆಸ್ತಿರೋ ಉಸ್ತಾದ್ ಯಾರಾದ್ರೂ ಇದ್ರೆ ಎರಡು ಸಾಲು ಬರ್ದು ಕಳ್ಸಿ. ನಾಲ್ಕಲ್ಲ, ಆರು ಪುಟ ಕೊಡ್ತೀನಿ.