ಊರಿಗೆ ಕೈಗುಣದ ವೈದ್ಯ, ಮನೆಯಲ್ಲಿ ಹೊಡೆಯುವ ಗಂಡ

ಪ್ರಶ್ನೆ: ನನ್ನ ಗಂಡ ನಾಟಿ ವೈದ್ಯ. ಉಳುಕು, ಕಾಮಾಲೆ, ಸರ್ಪಸುತ್ತು ಅಂತ ಸುತ್ತಲ ಹಳ್ಳಿಗಳಿಂದ ಜನ ಬರುತ್ತಾರೆ. ಎಲೆ ಅಡಿಕೆ ಬಿಟ್ಟು ಕಾಸು ಮುಟ್ಟಲ್ಲ, ಯಾರನ್ನೂ ಗದರಲ್ಲ. ರಾತ್ರಿ ಬಾಗಿಲು ಹಾಕಿ, ಸೀರೆ ಮುಚ್ಚುವ ಕಡೆ ನೋಡಿ ಹೊಡೆಯುತ್ತಾರೆ. ಮೊನ್ನೆ ಕುತ್ತಿಗೆ ಹಿಸುಕಿದರು. ಬೆಳಗ್ಗೆ ತಾವೇ ಸೊಪ್ಪು ಅರೆದು ಗಾಯಕ್ಕೆ ಕಟ್ಟುತ್ತಾರೆ. ‘ಮೈಮೇಲೆ ಏನೋ ಬರುತ್ತೆ’ ಅಂತಾರೆ ಅತ್ತೆ. ಇದು ಕಾಯಿಲೆಯೆ? ನನ್ನ ಮಾತು ಯಾರು ನಂಬುತ್ತಾರೆ?
– ಓದುಗಿ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಕುತ್ತಿಗೆಯ ವಿಷಯ. ಹಿಸುಕಿದ ಗುರುತು ಹೊರಗೆ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ಊತ ಗಂಟೆಗಳ ನಂತರವೂ ಏರುತ್ತದೆ. ದನಿ ಒಡೆದಿದ್ದರೆ, ನುಂಗಲು ನೋವಿದ್ದರೆ, ಕಣ್ಣಲ್ಲಿ ಕೆಂಪು ಚುಕ್ಕಿ ಎದ್ದಿದ್ದರೆ ಇವತ್ತೇ ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಗೋ ತಾಲ್ಲೂಕು ಆಸ್ಪತ್ರೆಗೋ ಹೋಗಿ. ಕುತ್ತಿಗೆಗೆ ಕೈ ಹಾಕಿದವನಿಂದ ಜೀವಕ್ಕೇ ಅಪಾಯ. ಮತ್ತೆ ಹಾಗಾದರೆ ಹೊರಗೆ ಓಡಿ, 112ಕ್ಕೆ ಕರೆ ಮಾಡಿ.

ಕಾಯಿಲೆಯೆ ಅಂತ ಕೇಳಿದ್ದೀರಿ. ಸ್ವಾಧೀನ ತಪ್ಪಿದವರು ಬಾಗಿಲ ಅಗುಳಿ ಹಾಕಿ, ಜಾಗ ಆರಿಸಿ ಹೊಡೆಯುವುದಿಲ್ಲ. ಹಗಲು ನೂರು ಜನರ ಮುಂದೆ ತಡೆದುಕೊಳ್ಳುವ ಕೈ ರಾತ್ರಿಯೂ ತಡೆದುಕೊಳ್ಳಬಲ್ಲದು. ದೇವರು, ದೆವ್ವ ಯಾವುದರ ತಲೆಗೂ ಇದನ್ನು ಕಟ್ಟಬೇಡಿ.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಆ ಸೊಪ್ಪಿನ ಕಟ್ಟು. ಹೊಡೆದವನೇ ವಾಸಿ ಮಾಡಿದರೆ ಗಾಯಕ್ಕೆ ದಾಖಲೆಯೇ ಇರುವುದಿಲ್ಲ. ಇನ್ನು ಮೇಲೆ ಗಾಯವನ್ನು ಅವರ ಕೈಗೆ ಕೊಡಬೇಡಿ. ಆಸ್ಪತ್ರೆಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನದೆ, ಯಾರು, ಯಾವಾಗ, ಯಾವುದರಿಂದ ಹೊಡೆದರು ಎಂದು ಹೇಳಿ ಎಂಎಲ್‌ಸಿ, ಅಂದರೆ ಕೇಸಿಗೆ ಬೇಕಾದ ಗಾಯದ ವೈದ್ಯಕೀಯ ದಾಖಲೆ, ಬರೆಸಿ. ಈ ಮೊದಲ ಸುಳ್ಳಿನಿಂದಲೇ ಕೇಸು ಬಿದ್ದುಹೋಗಬಹುದು. ಬಾವಿನ ಪಕ್ಕ ಒಂದು ನಾಣ್ಯ ಇಟ್ಟು ಫೋಟೊ ತೆಗೆಸಿ, ಮೂರನೇ ದಿನ ಬಣ್ಣ ಗಾಢವಾದಾಗ ಇನ್ನೊಮ್ಮೆ. ಫೋಟೊ ತವರಿನವರ ಫೋನಿನಲ್ಲಿರಲಿ. ಗಂಡ ಕೊಟ್ಟ ಕಷಾಯ ಕುಡಿದು ಮಂಪರು ಬಂದರೆ ಉಳಿದದ್ದನ್ನು ಶೀಶೆಗೆ ತುಂಬಿ ವೈದ್ಯರಿಗೆ ಕೊಡಿ.

ಊರು ನಂಬಬೇಕಿಲ್ಲ, ನ್ಯಾಯಾಲಯ ತೂಗುವುದು ಮನೆಯೊಳಗೆ ನಡೆದದ್ದನ್ನು, ಅವರ ಕೈಗುಣವನ್ನಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಕಚೇರಿ ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ಕೇಳಿ, ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಂರಕ್ಷಣಾಧಿಕಾರಿ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. 12ನೇ ಕಲಮಿನ ಅರ್ಜಿಯಲ್ಲಿ ರಕ್ಷಣೆ, ಜೀವನಾಂಶ, ಅದೇ ಮನೆಯಲ್ಲಿ ವಾಸದ ಹಕ್ಕು, ಮೂರನ್ನೂ ಒಟ್ಟಿಗೆ ಕೇಳಿ. ಮನೆ ಅತ್ತೆಯ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದು. ತವರಿನಲ್ಲಿದ್ದರೆ ಅಲ್ಲಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿ.

ಆಧಾರ್, ಮಕ್ಕಳ ದಾಖಲೆ, ಬ್ಯಾಂಕ್ ಪಾಸ್‌ಬುಕ್, ನಾಲ್ಕು ದಿನದ ಖರ್ಚಿನ ದುಡ್ಡು ಇವತ್ತೇ ಹೊರಗೆ ಸಾಗಿಸಿ. ಹೊರಡುವ ವಿಷಯ ಅತ್ತೆಗೂ ಹೇಳಬೇಡಿ.

ಪ್ರಶ್ನೆ: ಅಕ್ಕನದೂ ಇದೇ ಕಥೆ, ಅವಳು ದೂರು ಕೊಡಲು ಹೆದರುತ್ತಾಳೆ. ತಮ್ಮನಾಗಿ ನಾನು ಕೊಡಬಹುದೆ?
– ಓದುಗ, ಮೈಸೂರು

ಉತ್ತರ: ಕೊಡಬಹುದು. ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ಮಾಹಿತಿ ನೀಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಹೊಣೆ ಬರುವುದಿಲ್ಲ. ಆದರೆ ಭಾವನನ್ನು ಪಂಚಾಯ್ತಿ ಕಟ್ಟೆಗೆ ಎಳೆಯಬೇಡಿ. ಆ ಅವಮಾನದ ಲೆಕ್ಕ ಅವತ್ತು ರಾತ್ರಿ ಅಕ್ಕನ ಮೈಮೇಲೆ ತೀರುತ್ತದೆ.