‘ನಿಹಿಲ್’ ಎಂದರೇನು? ನಮ್ಮ ‘ನಿಖಿಲ’ಕ್ಕೂ ಅದಕ್ಕೂ ನಂಟಿದೆಯೇ?

ಲ್ಯಾಟಿನ್ನಿನ ‘ನಿಹಿಲ್’ ಪದದ ಅರ್ಥ ಮತ್ತು ಮೂಲವೇನು, ಅದು ಸಂಸ್ಕೃತದ ‘ನಿಖಿಲ’ದಿಂದ ಬಂದಿರಬಹುದೇ ಎಂದು ತಾವು ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಚಿಕ್ಕದು: ಬಂದಿಲ್ಲ. ‘ಖಿಲ’ ಎಂದರೆ ಬೀಳುಬಿದ್ದ ನೆಲ, ನಡುವೆ ಉಳಿದ ತೆರಪು. ಅಂಥ ತೆರಪಿಲ್ಲದ್ದು ‘ನಿಖಿಲ’, ಅಂದರೆ ಸಮಸ್ತ. ‘ನಿಹಿಲ್’ ಎಂದರೆ ಏನೂ ಇಲ್ಲ. ಉಚ್ಚಾರಣೆ ಹತ್ತಿರವಾದರೂ ಅರ್ಥ ತದ್ವಿರುದ್ಧ.

‘ನೆ’ ಮತ್ತು ‘ಹೀಲುಮ್’ ಕೂಡಿ ‘ನಿಹಿಲುಮ್’ ಆಯಿತು. ಕೊನೆಯ ‘ಉಮ್’ ಉದುರಿ ‘ನಿಹಿಲ್’ ಉಳಿಯಿತು. ನಿಷೇಧವನ್ನು ಹೇಳುವ ‘ನೆ’ ಸಂಸ್ಕೃತದ ‘ನ’ಕ್ಕೆ ಸೋದರ ಪದ, ತಾವು ಊಹಿಸಿದ ನಂಟು ಇರುವುದು ಇಷ್ಟರಲ್ಲಿ ಮಾತ್ರ. ‘ಹೀಲುಮ್’ ಎಂದರೆ ತೀರಾ ಅಲ್ಪವಾದ ವಸ್ತು. ಅವರೆಯಂಥ ಕಾಳಿಗೆ ಅಂಟಿಕೊಂಡಿರುವ ಸಣ್ಣ ಭಾಗವೇ ‘ಹೀಲುಮ್’ ಎಂದು ಜನ ಭಾವಿಸುತ್ತಿದ್ದರೆಂದು ಪ್ರಾಚೀನ ರೋಮಿನ ನಿಘಂಟುಕಾರ ಫೆಸ್ಟಸ್‌ನ ಕೃತಿಯಿಂದ ತಿಳಿಯುತ್ತದೆ. ರೋಮನ್ನರ ಕಾಳು ಬೇರೆ ಜಾತಿಯದು, ಆದರೆ ವಿಷಯ ಅರ್ಥವಾಗಲು ನಮ್ಮ ಅಡುಗೆಮನೆಯೇ ಸಾಕು. ಹಿತಕಿದ ಬೇಳೆಗೆಂದು ನೆನೆಹಾಕಿದ ಅವರೆಕಾಳೊಂದನ್ನು ಎತ್ತಿ ನೋಡಿ: ಅದರ ಒಂದು ಅಂಚಿನಲ್ಲಿ ಬೆಳ್ಳನೆಯ ಗೆರೆಯಿರುತ್ತದೆ. ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಹಿತುಕಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ; ಗೆರೆ ಸಿಪ್ಪೆಯೊಂದಿಗೆ ಬೆರಳಲ್ಲೇ ಉಳಿಯುತ್ತದೆ. ಸಸ್ಯಶಾಸ್ತ್ರಜ್ಞರು ಬೀಜದ ಆ ಗುರುತನ್ನು ಇಂದಿಗೂ ‘ಹೈಲಮ್’ ಎಂದೇ ಕರೆಯುತ್ತಾರೆ. ಅಷ್ಟು ಕೂಡ ಇಲ್ಲ ಎಂಬುದೇ ‘ನಿಹಿಲ್’.

ನನಗೆ ಈ ಪದ ಬಹಳ ಪ್ರಿಯವಾಗಲು ಇದೇ ಕಾರಣ. ಶೂನ್ಯವನ್ನು ಯಾರೂ ಕಂಡಿಲ್ಲವಾದ್ದರಿಂದ, ಕಣ್ಣಿಗೆ ಕಾಣುವ ಅತಿ ಸಣ್ಣದನ್ನು ಹಿಡಿದು ಅದನ್ನೂ ಅಲ್ಲಗಳೆಯುವುದು ಭಾಷೆಗಳಿಗೆ ಸಹಜವಾದ ದಾರಿ. ‘ಎಳ್ಳಷ್ಟೂ ಅನುಮಾನವಿಲ್ಲ’, ‘ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ’ ಎನ್ನುವಾಗ ನಾವೂ ಅದನ್ನೇ ಮಾಡುತ್ತೇವೆ. ಫ್ರೆಂಚಿನಲ್ಲಿ ಹೆಜ್ಜೆ ಎಂಬ ಅರ್ಥದ ‘ಪಾ’, ‘ಒಂದು ಹೆಜ್ಜೆಯೂ ಇಲ್ಲ’ ಎಂಬ ಬಳಕೆಯಲ್ಲಿ ಸವೆದು, ತಾನೇ ನಿಷೇಧಪದವಾಗಿಬಿಟ್ಟಿತು. ಕನ್ನಡದಲ್ಲಿ ಎಳ್ಳು ಎಳ್ಳಾಗಿಯೇ ಉಳಿದಿದೆ. ಲ್ಯಾಟಿನ್ನಿನಲ್ಲಿ ಕಾಳಿನ ಗುರುತು ಪದದೊಳಗೆ ಕರಗಿಹೋಯಿತು.

ಹಾಗೆಂದು ‘ಹೀಲುಮ್’ ಪೂರ್ತಿಯಾಗಿ ಮರೆಯಾಗಿರಲಿಲ್ಲ. ಕ್ರಿಸ್ತಪೂರ್ವ 1ನೆಯ ಶತಮಾನದ ಕವಿ ಲುಕ್ರೀಶಿಯಸ್, ಸಾವು ನಮಗೆ ಏನೂ ಅಲ್ಲ, ಅದು ನಮಗೆ ಎಳ್ಳಷ್ಟೂ ಸಂಬಂಧಿಸಿದ್ದಲ್ಲ ಎಂದು ಹೇಳುವ ಒಂದೇ ಸಾಲಿನಲ್ಲಿ ‘ನಿಲ್’ ಮತ್ತು ‘ಹೀಲುಮ್’ ಎರಡನ್ನೂ ಬಳಸಿದ್ದಾನೆ.

‘ನಿಲ್’ ಎಂಬುದು ‘ನಿಹಿಲ್’ನ ಮೊಟಕು ರೂಪ. ನಮ್ಮ ಆಡುಮಾತಿನಲ್ಲಿ ‘ಹಾಲು’ ‘ಆಲು’ ಆಗುವಂತೆ ಅಲ್ಲಿಯೂ ಹಕಾರ ಸಡಿಲವಾಗಿತ್ತು. ಅದು ಬಿದ್ದಾಗ ಎರಡು ಇಕಾರಗಳು ಕೂಡಿಕೊಂಡವು. ಮಧ್ಯಯುಗದಲ್ಲಿ ಮಾತ್ರ ಅದೇ ಹಕಾರವನ್ನು ಗಟ್ಟಿಯಾಗಿ ಕಕಾರದಂತೆ ಉಚ್ಚರಿಸುವ ರೂಢಿ ಬೆಳೆಯಿತು. ಬದುಕಿಗೆ ಅರ್ಥವಾಗಲಿ ಮೌಲ್ಯವಾಗಲಿ ಇಲ್ಲವೆನ್ನುವ ವಾದವಾದ ನಿಹಿಲಿಸಂಗೆ ಇಟಾಲಿಯನ್ನರು ಈಗಲೂ ‘ನಿಕಿಲಿಸ್ಮೊ’ ಎನ್ನುವುದು ಅದರ ಕುರುಹು. ಆ ವಾದದ ಹೆಸರನ್ನು ಜರ್ಮನಿಯ ಚಿಂತಕ ಯಾಕೋಬಿ 1799ರಲ್ಲಿ ತತ್ವಜ್ಞಾನಿ ಫಿಖ್ಟೆಗೆ ಬರೆದ ಪತ್ರದಲ್ಲಿ ಬಳಸಿದ್ದ. ಜನಸಾಮಾನ್ಯರ ಬಾಯಿಗೆ ಅದು ಬಂದದ್ದು 1862ರಲ್ಲಿ ಪ್ರಕಟವಾದ ರಷ್ಯದ ಲೇಖಕ ತುರ್ಗೇನೆವ್‌ನ ಕಾದಂಬರಿಯಿಂದ. ನಮ್ಮ ವ್ಯಾಪಾರಿಗಳು ವಹಿವಾಟಿಲ್ಲದ ತಿಂಗಳಲ್ಲಿ ಸಲ್ಲಿಸುವ ಜಿಎಸ್‌ಟಿ ‘ನಿಲ್ ರಿಟರ್ನ್’ನಲ್ಲಿರುವುದು ಲುಕ್ರೀಶಿಯಸ್ ಬಳಸಿದ ಅದೇ ‘ನಿಲ್’.